ತೊಂಬತ್ತರ ಎಣ್ಣೆ, ನೂರಾ ನಲವತ್ತರ ಎಣ್ಣೆ

ಮೊಮ್ಮಗಳು ಮನೆಗೆ ಬರುವ ವಾರದಲ್ಲಿ ಅಜ್ಜನಾದವನು ಏನು ಮಾಡಬೇಕು? ತೊಟ್ಟಿಲ ಹಗ್ಗ ಗಟ್ಟಿ ಇದೆಯೇ ಎಂದು ಜಗ್ಗಿ ನೋಡಬೇಕು, ಬಾಣಂತಿ ಕೋಣೆಯ ಕಿಟಕಿಗೆ ಪರದೆ ಕಟ್ಟಿಸಬೇಕು, ಓಣಿಯಲ್ಲಿ ಎದುರಾದವರನ್ನೆಲ್ಲ ನಿಲ್ಲಿಸಿ ಸುದ್ದಿ ಹೇಳಬೇಕು. ಮೂರನೆಯದನ್ನು ನಾನು ಬಿಡದೆ ಮಾಡಿದೆ. ಮೊದಲಿನೆರಡು ಹಾಗೇ ಉಳಿದವು. ಯಾಕೆಂದರೆ ಆ ವಾರವೆಲ್ಲ ನಾನು ಗಜೇಂದ್ರಗಡ, ರೋಣ, ನರಗುಂದ ಎಂದು ಮೂರು ಊರು ಅಲೆದು, ಗೇರ್ ಎಣ್ಣೆ ಎಷ್ಟು ದಪ್ಪ ಇರಬೇಕೆಂದು ಕಂಡಕಂಡವರ ಕೂಡ ವಾದ ಮಾಡುತ್ತಿದ್ದೆ. ಈಗ ನೆನೆದರೂ ತಲೆ ಕಾಯುತ್ತದೆ.

ಕೂಸಿನ ಮಾತು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಬರೆಯಲು ಕೈ ಓಡುವುದಿಲ್ಲ. ನನಗೆ ಇಬ್ಬರೂ ಗಂಡು ಮಕ್ಕಳು. ನಮ್ಮಪ್ಪನಿಗೆ ನಾವು ನಾಲ್ವರೂ ಗಂಡು. ಈ ಮನೆಯಲ್ಲಿ ಹೆಣ್ಣು ಕೂಸು ಅತ್ತಿದ್ದನ್ನು ಕೇಳಿದವರು ಯಾರೂ ಉಳಿದಿಲ್ಲ. ಹೀಗಿರುವಾಗ ದೊಡ್ಡ ಮಗನಿಗೆ ಹೆಣ್ಣು ಹುಟ್ಟಿತು. ಸುದ್ದಿ ಬಂದ ದಿನ ನಾನು ಪೇಟೆಗೆ ಹೋಗಿ ಪೇಡೆ ತಂದೆ. ತಂದದ್ದು ಸಾಲಲಿಲ್ಲ, ಮತ್ತೆ ಹೋಗಿ ತಂದೆ. ಸೊಸೆಯ ತವರು ಮೆಣಸಗಿ, ಬಾಣಂತನ ಅಲ್ಲಿಯೇ. ಮೂರು ತಿಂಗಳಲ್ಲಿ ನಾನು ಮೂರೇ ಸಲ ನೋಡಿದ್ದು. ಮೂರನೇ ಸಲ ನನ್ನ ಮೀಸೆ ನೋಡಿ ಕೇಕೆ ಹಾಕಿ ನಕ್ಕಿತು. ಬಸ್ಸಿಗೆ ಹೊತ್ತಾಯಿತು ಎಂದು ಅವರು ನನ್ನನ್ನು ಎಬ್ಬಿಸಿ ಕಳಿಸಿದರು. ಬಸ್ಸಿನಲ್ಲಿ ಕೂತು ಒಬ್ಬನೇ ನಗುತ್ತ ಬಂದೆ. ಪಕ್ಕದವರು ಸರಿದು ಕೂತರು.

ಕೂಸನ್ನು ಕರೆತರಲು ಬೀಗರು, ಅಂದರೆ ಸೊಸೆಯ ತಂದೆ, ಗುರುವಾರ ಎಂದು ಗೊತ್ತು ಮಾಡಿದ್ದರು. ಗಣಪತಿಯನ್ನು ನೀರಿಗೆ ಬಿಟ್ಟಾಗಿತ್ತು. ಹುಣ್ಣಿಮೆ ದಾಟಿದರೆ ಪಕ್ಷಮಾಸ, ಹಿರಿಯರಿಗೆ ಎಡೆ ಇಡುವ ಹದಿನೈದು ದಿನ. ಆ ದಿನಗಳಲ್ಲಿ ನಮ್ಮ ಕಡೆ ಬಾಣಂತಿಯನ್ನು ಹೊಸ್ತಿಲು ದಾಟಿಸುವುದಿಲ್ಲ. ಗುರುವಾರ ತಪ್ಪಿದರೆ ಅಮಾವಾಸ್ಯೆ ಹೋಗುವ ತನಕ ಕೂಸು ಮೆಣಸಗಿಯಲ್ಲೇ. ಇನ್ನೂ ಒಂದು ಕಟ್ಟು ಇದೆ ನಮ್ಮ ಮನೆಯಲ್ಲಿ: ಕೂಸು ಮೊದಲ ಸಲ ಬರುವಾಗ ನಮ್ಮ ಸ್ವಂತ ಗಾಡಿಯಲ್ಲೇ ಬರಬೇಕು, ಗಾಡಿ ತವರಿನ ಬಾಗಿಲಿಗೇ ಹೋಗಿ ನಿಲ್ಲಬೇಕು. ನಮ್ಮಜ್ಜನ ಕಾಲದಲ್ಲಿ ಎತ್ತಿನ ಬಂಡಿ. ಈಗ ಮಗನ ಕಾರು.

ಬೀಗರ ಮನೆ ಊರಲ್ಲಿಲ್ಲ. ಹೊಳೆ ಒಮ್ಮೆ ಒಳಗೆ ಬಂದು ಹೋದ ಮೇಲೆ ಅವರು ದಿಬ್ಬದ ಮೇಲಿನ ತಮ್ಮ ಹೊಲದಲ್ಲೇ ಮನೆ ಕಟ್ಟಿಕೊಂಡರು. ಡಾಂಬರು ರಸ್ತೆ ಬಿಟ್ಟ ಮೇಲೆ ಎರೆ ಭೂಮಿಯ ದಾರಿ. ಒಂದು ಮಳೆ ಬಿದ್ದರೆ ಆ ಕರಿ ಮಣ್ಣು ಕಾಲಿನ ಕೆರವನ್ನು ಕಿತ್ತುಕೊಂಡು ಇಟ್ಟುಕೊಳ್ಳುತ್ತದೆ. ಬಾಡಿಗೆ ಕಾರಿನವರು ರಸ್ತೆಯಲ್ಲೇ ನಿಂತು ಹಾರ್ನ್ ಹೊಡೆಯುತ್ತಾರೆ. ನಮ್ಮ ಗಾಡಿ ಹಾಗಲ್ಲ. ಮಗ ಗಜೇಂದ್ರಗಡದ ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿ ಫ್ಯಾನುಗಳ ದುರಸ್ತಿ ಕೆಲಸದಲ್ಲಿದ್ದಾನೆ. ಆ ಗುಡ್ಡದ ದಾರಿಗೆಂದೇ ಹಳೆಯದಾದರೂ ನಾಲ್ಕೂ ಗಾಲಿ ಎಳೆಯುವ ಕಾರು ಕೊಂಡಿದ್ದ. ಉಳಿದ ಕಾರುಗಳಲ್ಲಿ ಎರಡು ಗಾಲಿ ಎಳೆಯುತ್ತವೆ, ಎರಡು ಸುಮ್ಮನೆ ಹಿಂಬಾಲಿಸುತ್ತವೆ. ಇದರಲ್ಲಿ ನಾಲ್ಕೂ ದುಡಿಯುತ್ತವೆ. ಅದಕ್ಕೇ ಮುಂದೆ ಗೇರ್ ಪೆಟ್ಟಿಗೆ, ಅದರ ಬೆನ್ನಿಗೆ ಬಲವನ್ನು ಹಿಂದಕ್ಕೂ ಹಂಚುವ ನಡುವಿನ ಪೆಟ್ಟಿಗೆ, ಹಿಂದಿನ ಗಾಲಿಗಳ ನಡುವೆ ಹೌಸಿಂಗ್ ಎಂಬ ಇನ್ನೊಂದು ಪೆಟ್ಟಿಗೆ, ಹೀಗೆ ಮೂರು ಕಡೆ ಹಲ್ಲುಗಾಲಿ, ಮೂರು ಕಡೆ ಎಣ್ಣೆ.

ಸೋಮವಾರ ಮುಂಜಾನೆ ಮಗ ಗಾಡಿ ಮನೆಯಲ್ಲೇ ಬಿಟ್ಟು ಕೆಲಸಕ್ಕೆ ಹೊರಟವನು ಮೂರೂ ಕಡೆಯ ಎಣ್ಣೆ ಹಳೆಯದಾಗಿದೆ, ಕೆಸರಿನ ದಾರಿಗೆ ಹೋಗುವ ಮೊದಲು ಬದಲಿಸಬೇಕು ಎಂದು, ಗಾಡಿಯ ಜೊತೆ ಬಂದ ಪುಸ್ತಕ ನೋಡಿ ಬರೆದ ಒಂದು ಚೀಟಿ ಕೊಟ್ಟ.

“ಅಪ್ಪಾ, ಎಪ್ಪತ್ತೈದು-ತೊಂಬತ್ತು. ಮೂರೂ ಕಡೆ ಇದ ನಡಿತೈತಿ. ಬ್ಯಾರೆ ಏನ ಕೊಟ್ರೂ ತರಬ್ಯಾಡ. ಸಿಗಲಿಲ್ಲಂದ್ರ ಸುಮ್ನ ಮನಿಗೆ ಬಾ.”

“ಮೂವತ್ತ ವರ್ಷ ಟ್ರ್ಯಾಕ್ಟರ್ ಹೊಡದೀನಿ. ನನಗ ಎಣ್ಣಿ ತರೂದ ಹೇಳಿಕೊಡತಿಯೇನ?”

“ಹೇಳಿಕೊಡಾಕತ್ತಿಲ್ಲಪಾ, ಬರದ ಕೊಡಾಕತ್ತೀನಿ.”

ನಾನು ಕಲಿತದ್ದು ಮೂರನೇ ಇಯತ್ತೆ. ಕನ್ನಡ ಓದುವುದು ನಿಧಾನ, ಇಂಗ್ಲಿಷ್ ಬರುವುದಿಲ್ಲ, ಆದರೆ ಅಂಕಿ ನನಗೆ ಎಂದೂ ಕೈಕೊಟ್ಟಿಲ್ಲ. ಎಣ್ಣೆಯ ನಂಬರು ಹೆಚ್ಚಾದಷ್ಟೂ ಎಣ್ಣೆ ದಪ್ಪ, ಇದು ನಮಗೆಲ್ಲ ಗೊತ್ತಿದ್ದ ಮಾತು. ನನ್ನ ಟ್ರ್ಯಾಕ್ಟರಿಗೆ ತೊಂಬತ್ತು ಹಾಕುತ್ತಿದ್ದೆ, ಬಿಸಿಲು ಏರಿದ ಮೇಲೆ ನೂರಾ ನಲವತ್ತು. ಈ ಎಪ್ಪತ್ತೈದು ಎಂಬುದು ಯಾವ ಲೆಕ್ಕ ಎಂದು ಚೀಟಿ ನೋಡಿದಾಗಲೇ ಮನಸ್ಸಿಗೆ ಬರಲಿಲ್ಲ. ನಮ್ಮೂರಲ್ಲಿ ಮೂರು ಅಂಗಡಿ ಕೇಳಿದೆ. ಒಬ್ಬನು ಇಲ್ಲ ಎಂದ, ಇನ್ನೊಬ್ಬನು ಅಂಥದ್ದು ಬರುವುದೇ ಇಲ್ಲ ಎಂದ, ಮೂರನೆಯವನು ತಲೆ ಎತ್ತದೆ ಬ್ರೇಕ್ ಎಣ್ಣೆಯ ಡಬ್ಬಿ ತಂದಿಟ್ಟ. ಸುಮ್ಮನೆ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ರೋಣದ ಬಸ್ಸು ಹತ್ತಿದೆ.

ರೋಣದ ಅಂಗಡಿಯವನು ಚೀಟಿಯನ್ನು ದೂರ ಹಿಡಿದು ಓದಿದ.

“ಯಾವ ಊರ್ರಿ ಯಜಮಾನ್ರ?”

“ಗಜೇಂದ್ರಗಡ.”

“ಅಲ್ಲೆ ಹಿಮಾ ಬೀಳತೈತೇನ್ರಿ?”

“ಎಲ್ಲೀ ಹಿಮಾ? ಬಿಸಲಿಗೆ ಕಲ್ಲ ಸಿಡಿತಾವು.”

“ಮತ್ತ ಈ ನೀರಿನಂಥಾ ಎಣ್ಣಿ ಯಾಕ್ರಿ? ಎಪ್ಪತ್ತೈದು ಹಿಮಾ ಬೀಳೂ ದೇಶಕ್ಕ. ನೂರಾನಲವತ್ತ ಒಯ್ರಿ. ದಪ್ಪ ಇದ್ದಷ್ಟೂ ಹಲ್ಲ ಸವಿಯೂದಿಲ್ಲ. ತಾಲೂಕಿನ ಟ್ರ್ಯಾಕ್ಟರ್ ಎಲ್ಲಾ ಇದರ ಮ್ಯಾಲ ನಡದಾವು.”

ನನ್ನ ಮನಸ್ಸಿನಲ್ಲಿದ್ದದ್ದನ್ನೇ ಆತ ಹೇಳಿದ. ಆದರೂ ನಾನು ಹಾಗೆ ಒಪ್ಪುವವನಲ್ಲ. ಡಬ್ಬಿ ತೆರೆಸಿ ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಹನಿ ಬಿಟ್ಟುಕೊಂಡು ಹಿಗ್ಗಿಸಿದೆ. ಎಣ್ಣೆ ನೋಡುವ ನನ್ನ ಪದ್ಧತಿ ಅದು. ಎಳೆ ಹರಿಯದೆ ನಿಂತಿತು. ಪಕ್ಕದ ಡಬ್ಬಿಯ ತೊಂಬತ್ತರದು ತಟ್ಟನೆ ಹರಿಯಿತು. ಅಲ್ಲಿಗೆ ನನ್ನ ತೀರ್ಮಾನ ಆಯಿತು. ಯಾರೋ ಪರದೇಶದವರು ಬರೆದ ಪುಸ್ತಕ ನಂಬಿ, ನನ್ನ ಮೊಮ್ಮಗಳು ಕೂಡುವ ಗಾಡಿಗೆ ಹರಿದುಹೋಗುವ ಎಣ್ಣೆ ಹಾಕಲೇ? ಇದ್ದುದರಲ್ಲಿ ದಪ್ಪನೆಯದೇ ಅವಳಿಗಿರಲಿ ಎಂದು ನೂರಾ ನಲವತ್ತು ತಂದೆ.

ತಂದು ಸುಮ್ಮನಿದ್ದರೂ ಬದುಕುತ್ತಿದ್ದೆ. ಮಧ್ಯಾಹ್ನ ಊಟ ಮುಗಿಸಿ ಗೋಣಿ ಹಾಸಿ ಗಾಡಿಯ ಕೆಳಗೆ ಸೇರಿದೆ. ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದಳು, “ಮಗ ಬರೂಮಟ ತಡೀರಿ.”

“ಅವ ಬಂದು ನೋಡಿ ಖುಷಿ ಪಡ್ಲಿ.”

ಮೂರೂ ಕಡೆ ಹಳೆಯದನ್ನು ಇಳಿಸಿ ಮೂರೂ ಕಡೆ ನೂರಾ ನಲವತ್ತು ತುಂಬಿದೆ. ಮಗ ಸಂಜೆ ದಣಿದು ಬಂದು, “ಸಿಕ್ತಾ?” ಎಂದ. “ಹಾಕಿದ್ದೂ ಆತು,” ಎಂದೆ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಇನ್ನೇನೂ ಕೇಳಲಿಲ್ಲ.

ಮಂಗಳವಾರ ಮುಂಜಾನೆ ಜಿಟಿಜಿಟಿ ಮಳೆ, ಥಂಡಿ. ಮಗ ಗಾಡಿ ಚಾಲೂ ಮಾಡಿ ಒಂದನೇ ಗೇರಿಗೆ ಎಳೆದ. ಬೀಳಲಿಲ್ಲ. ಎರಡು ಸಲ ಕ್ಲಚ್ ಒತ್ತಿ ಎಳೆದಾಗ ಬಿತ್ತು. ಎರಡನೆಯದಕ್ಕೆ ಹಾಕಲು ಹೋದರೆ ಕೋಲನ್ನು ಹಸಿ ಮಣ್ಣಿಗೆ ಚುಚ್ಚಿದ ಹಾಗೆ ಹೋಗಿ ನಡುವೆ ನಿಂತಿತು. ಓಣಿಯ ತುದಿಯ ತನಕ ಹೋದ. ಕಾಲು ತೆಗೆದ ಕೂಡಲೇ, ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ ಗಾಡಿ ನಿಂತುಬಿಡುತ್ತಿತ್ತು. ಹಿಂದಕ್ಕೆ ತಂದು ನಿಲ್ಲಿಸಿ ಇಳಿದ. ಖಾಲಿ ಡಬ್ಬಿಗಳನ್ನು ಗೋಡೆಗೆ ಸಾಲಾಗಿ ಇಟ್ಟಿದ್ದೆ. ಅವುಗಳ ಮುಂದೆ ಕೂತು ಓದಿದ.

“ಅಪ್ಪಾ, ನಾ ಏನ ಬರದ ಕೊಟ್ಟಿದ್ದೆ?”

“ಅದು ಹಿಮಾ ಬೀಳೂ ದೇಶಕ್ಕಂತ.”

“ಅಂತ ಯಾರಂದ್ರು?”

“ರೋಣದಾಗ.”

“ಮೂರೂ ಕಡೆ ಹಾಕಿಯೇನಪಾ?”

“ಒಂದ ಕಡೆ ಹಾಕಿ ಎರಡ ಕಡೆ ಬಿಡಾಕ ನನಗೇನ ಹುಚ್ಚ?”

ಅವನು ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಬೈಯಲಿಲ್ಲ. ಎರಡೂ ಕೈಯಿಂದ ಮುಖ ಒರೆಸಿಕೊಂಡು, ಈ ಗೇರಿನಲ್ಲಿ ಎರೆ ಮಣ್ಣಿಗೆ ಇಳಿದರೆ ನಡುದಾರಿಯಲ್ಲಿ ನಿಲ್ಲುವುದು ಖಾತ್ರಿ, ಬಾಣಂತಿಯನ್ನು ಕೂರಿಸಿಕೊಂಡು ಅಂಥ ಗಾಡಿ ತಾನು ಹೊಡೆಯುವುದಿಲ್ಲ ಎಂದು ಹೇಳಿ ಬೀಗರಿಗೆ ಫೋನು ಹಚ್ಚಿದ. ಸ್ಪೀಕರಿನಲ್ಲಿ ಬೀಗರ ದನಿ ಎಷ್ಟು ಆನಂದದಿಂದ ಬಂತು ಎನ್ನುತ್ತೀರಿ!

“ಆತ್ ಬಿಡಪಾ, ಗಡಬಡಿ ಏನೈತಿ? ಪಕ್ಷ ಮುಗೀಲಿ, ಅಮಾಸಿ ಹೋಗ್ಲಿ, ಆಮ್ಯಾಲ ಬರ್ರಿ. ಕೂಸಿಗೆ ಇಲ್ಲೇನ ತ್ರಾಸ ಇಲ್ಲ. ನನ್ನ ಎದಿಮ್ಯಾಲ ಮಲಗಿ ರೂಢಿ ಆಗೇತಿ ಅದಕ್ಕ.”

ನನಗೆ ಮೈಯೆಲ್ಲ ಉರಿಯಿತು. ಫೋನು ಕಸಿದುಕೊಂಡೆ. “ಬೀಗರ, ಗುರುವಾರ ಅಂದ್ರ ಗುರುವಾರ. ನಾವು ಬರತೀವಿ.”

“ಗಾಡಿ ಕೆಟ್ಟೈತಂತಲ್ರಿ?”

“ಕೆಟ್ಟಿಲ್ರಿ, ಎಣ್ಣಿ ಬದ್ಲಿ ಮಾಡೂದೈತಿ.”

“ಆಗದಿದ್ರ ನೀವ ಒಬ್ರ ಬಸ್ಸಿಗೆ ಬರ್ರಿ ಬೀಗರ. ಹೋಳಿಗಿ ಉಂಡು, ಕೂಸಿನ ಮಾರಿ ನೋಡಿ ಹೋಗೀರಂತ.”

ಕೂಸಿನ ಮಾರಿ ನೋಡಿ ಹೋಗಬೇಕಂತೆ ನಾನು! ಯಾರದೋ ಮನೆಯ ನೆಂಟನ ಹಾಗೆ!

ಅಡುಗೆ ಮನೆಯಲ್ಲಿ ಹೆಂಡತಿ ಬಾಣಂತಿಗೆಂದು ಅಂಟಿನ ಉಂಡೆಗೆ ಬೆಲ್ಲದ ಪಾಕ ಕಾಸುತ್ತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಾಳೆ. ನಾನು ಹೋಗಿ ಮಣೆಯ ಮೇಲೆ ಕೂತೆ. ಅವಳು ಸೌಟು ತಿರುವುತ್ತಲೇ ಕೇಳಿದಳು.

“ಎಣ್ಣಿ ದಪ್ಪ ಐತೋ ಇಲ್ಲೋ ಹ್ಯಾಂಗ ನೋಡಿದ್ರಿ?”

“ಬೆರಳಾಗ ಹಿಡದು, ಎಳಿ ನೋಡಿ.”

“ಎಲ್ಲೆ?”

“ಅಂಗಡ್ಯಾಗ.”

“ತಣ್ಣಂದು?”

“ಮತ್ತೇನ ಅಂಗಡ್ಯಾಗ ಕಾಸಿ ಕೊಡತಾರ?”

“ಹಂಗಾರ ಗಾಡ್ಯಾಗೂ ತಣ್ಣಗ ಇರತೈತೇನ ಅದು?” ಎಂದು ಸೌಟಿನ ಪಾಕವನ್ನು ಎತ್ತಿ ಬಿಟ್ಟಳು. ನೀರಿನ ಹಾಗೆ ಸುರಿಯಿತು. ತಟ್ಟೆಯ ಅಂಚಿಗೆ ಬಿದ್ದಿದ್ದ ಹನಿ ಆಗಲೇ ಉಗುರಿಗೆ ಬಗ್ಗದಷ್ಟು ಗಟ್ಟಿಯಾಗಿತ್ತು. “ಅಂಟಿನುಂಡಿ ಕಟ್ಟಾಕ ಬರೂ ಹೆಂಗಸರಿಗೆಲ್ಲಾ ಗೊತ್ತೈತಿ, ಕಾದಾಗಿಂದ ಬ್ಯಾರೆ ಆರಿದಾಗಿಂದ ಬ್ಯಾರೆ ಅಂತ. ಮೂವತ್ತ ವರ್ಷ ಟ್ರ್ಯಾಕ್ಟರ್ ಹೊಡದ್ರಿ!”

“ಸುಮ್ಕ ಉಂಡಿ ಕಟ್ಟ ನೀ,” ಎಂದೆ. ಆದರೆ ಮಾತು ಒಳಗೆ ಇಳಿದುಹೋಗಿತ್ತು.

ಅಷ್ಟರಲ್ಲಿ ಮಗ ನಾಲ್ಕಾರು ಕಡೆ ಫೋನು ಮಾಡಿ, ನರಗುಂದದಲ್ಲಿ ಒಬ್ಬ ಹಳೆಯ ಮಿಸ್ತ್ರಿಯ ಬಳಿ ಎಪ್ಪತ್ತೈದು-ತೊಂಬತ್ತು ಇದೆ ಎಂದು ಪತ್ತೆ ಹಚ್ಚಿದ್ದ. ಅವನಿಗೆ ಗುಡ್ಡದ ಮೇಲೆ ಕೆಲಸ ತಪ್ಪಿಸುವ ಹಾಗಿರಲಿಲ್ಲ. ನಾನು ಹೋಗುತ್ತೇನೆ ಎಂದೆ. ಅವನು ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. ಈ ಸಲ ಚೀಟಿ ಕೊಡಲಿಲ್ಲ, ಗಾಡಿಯ ಪುಸ್ತಕವನ್ನೇ ಚೀಲಕ್ಕೆ ಹಾಕಿ, “ಮಿಸ್ತ್ರಿ ಹೇಳಿದ್ದ ತಾ, ನಿಂದೇನೂ ಸೇರಸಬ್ಯಾಡ,” ಎಂದ.

ರೋಣದಲ್ಲಿ ಬಸ್ಸು ಬದಲಿಸಿ ನರಗುಂದ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಮಿಸ್ತ್ರಿ ಬಿಳಿ ಗಡ್ಡದ ಸಾಬರು, ನನಗಿಂತ ಒಂದೆರಡು ವರ್ಷ ದೊಡ್ಡವರೇ ಇರಬೇಕು. ಜಾಕಿನ ಮೇಲೆ ಎತ್ತಿ ನಿಲ್ಲಿಸಿದ ಒಂದು ಜೀಪಿನ ಪಕ್ಕ ಕೂತಿದ್ದರು. ನಡೆದದ್ದನ್ನು ಹೇಳಿದೆ.

“ಮೂರೂ ಕಡೆ ನೂರಾನಲವತ್ತ?”

“ಹೂಂ.”

“ಡಾಂಬರ ಸಿಗಲಿಲ್ಲೇನ್ರಿ ರೋಣದಾಗ?”

ಅವರು ಒಳಗಿನಿಂದ ಡಬ್ಬಿಗಳನ್ನು ತಂದು ಮುಂದಿಟ್ಟರು. “ಎಪ್ಪತ್ತೈದು-ತೊಂಬತ್ತ ಇಷ್ಟ ಐತಿ. ಗೇರ್ ಪೆಟಗಿಗೆ, ನಡುವಿನ ಪೆಟಗಿಗೆ ಬರೋಬ್ಬರಿ ಆಗತೈತಿ. ಹಿಂದಿನ ಹೌಸಿಂಗಿಗೆ ಎಂಬತ್ತು-ತೊಂಬತ್ತ ಒಯ್ರಿ.”

“ಎಂಬತ್ತ ಬ್ಯಾಡ್ರಿ. ಎಪ್ಪತ್ತೈದ ಬೇಕು.”

“ಅದು ಇಲ್ಲಂತ ಹೇಳಿದ್ನಲ್ಲ. ಎಂಬತ್ತು ನಡಿತೈತಿ.”

“ನಡಿತೈತಿ ಅಂತ ರೋಣದಾವನೂ ಅಂದಿದ್ದ. ನನ್ನ ಮಗ ಎಪ್ಪತ್ತೈದ ಅಂದಾನ. ಬ್ಯಾರೆ ಒಯ್ದ್ರ ಮನ್ಯಾಗ ಕಾಲ ಇಡಾಕ ಆಗೂದಿಲ್ಲ ನನಗ.”

ಮಿಸ್ತ್ರಿ ಸ್ಪ್ಯಾನರ್ ಕೆಳಗಿಟ್ಟರು. “ನಿನ್ನಿ ಪುಸ್ತಕಾ ಬಿಟ್ಟು ಐವತ್ತ ನಂಬರ್ ಮ್ಯಾಲ ಹೋದವ್ರು ನೀವ ಹೌದಲ್ರಿ? ಇವತ್ತ ಐದ ನಂಬರಿಗೆ ನನ್ನ ಜೀವಾ ತಿಂತೀರಲ್ರಿ!”

“ನನಗ ತಿಳಿಯೂ ಹಂಗ ಹೇಳ್ರಿ ಮತ್ತ,” ಎಂದು ನಾನೂ ದನಿ ಏರಿಸಿದೆ. “ಎಲ್ಲಾರೂ ಒಯ್ರಿ ಒಯ್ರಿ ಅಂತಾರ, ಯಾಕಂತ ಯಾರೂ ಹೇಳವಲ್ರು.”

ಅವರು ಕೈ ಒರೆಸಿಕೊಂಡು ನನ್ನೆದುರು ಟೈರಿನ ಮೇಲೆ ಕೂತರು. “ಇದರಾಗ ಎರಡ ಅಂಕಿ ಅದಾವು. ಮೊದಲನೇದು ಥಂಡಿ ಮಾತ. ಮುಂಜಾನೆ ಗಾಡಿ ಎದ್ದಾಗ ಎಣ್ಣಿ ಎಷ್ಟ ಲಗೂ ಎದ್ದು ಓಡಾಡತೈತಿ ಅನ್ನೂದು. ಎರಡನೇದು ಕಾದ ಮ್ಯಾಲಿನ ಮಾತ. ಗಾಡಿ ಓಡಿ ಓಡಿ ಎಣ್ಣಿ ಕಾದಾಗ ಹಲ್ಲಿನ ನಡುವ ಎಷ್ಟ ದಪ್ಪ ನಿಲ್ಲತೈತಿ ಅನ್ನೂದು. ಎಪ್ಪತ್ತೈದು-ತೊಂಬತ್ತು, ಎಂಬತ್ತು-ತೊಂಬತ್ತು. ಕಾದ ಮ್ಯಾಲ ಎರಡೂ ತೊಂಬತ್ತ. ಹಿಮಾ ಬಿದ್ರ ಅಷ್ಟ ಫರಕ.”

“ಹಂಗಾರ ನಮ್ಮಲ್ಲೆ ಹಿಮಾ ಇಲ್ಲ ಅಂತ ರೋಣದಾವ ಅಂದದ್ದು ಖರೇ ಆತಲ್ಲ?”

“ಖರೇ. ಆದ್ರ ಅವ ಮೊದಲನೇ ಅಂಕಿ ತಪ್ಪೈತಂತ ಎರಡನೇ ಅಂಕಿ ಬದ್ಲಿ ಮಾಡ್ಯಾನ.”

ತಲೆಯೊಳಗೆ ಒಂದು ಬೋಲ್ಟು ಸಡಿಲಾಗಿ ತಿರುಗಿದ ಹಾಗಾಯಿತು. ಆದರೂ ನನ್ನ ಹಟ ಪೂರ್ತಿ ಹೋಗಿರಲಿಲ್ಲ. “ದಪ್ಪ ಇದ್ರ ಹಲ್ಲಿಗೆ ಚಲೋ ಅಲ್ಲೇನ್ರಿ? ನನ್ನ ಟ್ರ್ಯಾಕ್ಟರ್...”

“ಟ್ರ್ಯಾಕ್ಟರ್ ಹಲ್ಲ ನಿಮ್ಮ ಮುಷ್ಟಿಯಷ್ಟ ಇರತಾವು, ಸಾವಕಾಶ ತಿರುಗತಾವು. ಇದರ ಹಲ್ಲ ಸಣ್ಣವು, ಒಂದಕ್ಕೊಂದ ಒತ್ತಿ ಕುಂತಾವು. ಗೇರ್ ಬೀಳೂ ಮುಂದ ಒಳಗ ಒಂದ ಹಿತ್ತಾಳಿ ಬಳಿ ಎಣ್ಣಿ ಸರಿಸಿ ಹಿಡೀಬೇಕು. ದಪ್ಪ ಎಣ್ಣಿ ಸರಿಯೂದಿಲ್ಲ, ಬಳಿ ಹಿಡಿಯೂದಿಲ್ಲ, ಗೇರ್ ಬೀಳೂದಿಲ್ಲ. ಅದರಾಗ ಈ ಗಾಡಿ ಮೂರ ಪೆಟಗಿ ಸುತ್ತಿಸಿ ನಾಲ್ಕ ಗಾಲಿಗೆ ಬಲಾ ಹಂಚಬೇಕು. ಮೂರರಾಗೂ ಕೈಕಾಲ ಕಟ್ಟಿಬಿಟ್ರಿ ನೀವು. ಎಲ್ಲಿ, ಪುಸ್ತಕಾ ತಗೀರಿ.”

ಪುಸ್ತಕದ ಒಂದು ಪುಟದಲ್ಲಿ ಥರ್ಮಾಮೀಟರಿನ ಚಿತ್ರ. ಅದರ ಕೆಳಗೆ ಉದ್ದುದ್ದ ಪಟ್ಟಿಗಳು, ಪ್ರತಿ ಪಟ್ಟಿಯೊಳಗೆ ಎಣ್ಣೆಯ ನಂಬರು. ಮಿಸ್ತ್ರಿಯ ಕನ್ನಡಕ ಒಳಗೆಲ್ಲೋ ಇತ್ತು. “ನೀವ ಓದ್ರಿ,” ಎಂದು ನನ್ನ ಕೈಗೆ ಕೊಟ್ಟರು. ಅಂಕಿಗೆ ಯಾವ ಭಾಷೆಯೂ ಬೇಕಿಲ್ಲ. ಹಿಂದಿನ ಹೌಸಿಂಗಿನ ಚಿತ್ರ ಗುರುತಾಯಿತು. ಅದರ ಮುಂದೆ ಎಪ್ಪತ್ತೈದು-ತೊಂಬತ್ತರ ಪಟ್ಟಿ ಹಿಮದ ಕಡೆಯಿಂದ ಹೊರಟು ಬಿಸಿಲಿನ ತುದಿಯ ತನಕ ಇತ್ತು. ಅದರ ಕೆಳಗೆ ಎಂಬತ್ತು-ತೊಂಬತ್ತರ ಪಟ್ಟಿ, ಹಿಮದ ಕಡೆ ತುಸು ಗಿಡ್ಡ, ಬಿಸಿಲಿನ ಕಡೆ ಅಷ್ಟೇ ಉದ್ದ. ಬೆರಳಿಟ್ಟು ಎರಡು ಸಲ ನೋಡಿದೆ. ಗೇರ್ ಪೆಟ್ಟಿಗೆಯ ಚಿತ್ರದ ಮುಂದೆ ಒಂದೇ ಪಟ್ಟಿ, ಎಪ್ಪತ್ತೈದು-ತೊಂಬತ್ತು. ನೂರಾ ನಲವತ್ತು ಪುಟದಲ್ಲಿ ಎಲ್ಲಿಯೂ ಇರಲಿಲ್ಲ. ಹಾಳೆ ತಿರುವಿಯೂ ನೋಡಿದೆ. ಇರಲಿಲ್ಲ.

“ಸಿಕ್ತೇನ್ರಿ ನಿಮ್ಮ ನೂರಾನಲವತ್ತ?”

“ಇಲ್ಲ ಬಿಡ್ರಿ.”

“ಇಷ್ಟ್ಯಾಕ ಅವಸರ ನಿಮಗ? ನಾಡದ ಬಂದ್ರ ಎಪ್ಪತ್ತೈದ ತರಿಸಿ ಕೊಡತಿದ್ದೆ.”

ಆಗ ಮೆಣಸಗಿಯ ಸಂಗತಿ ಹೇಳಿದೆ. ಮಿಸ್ತ್ರಿಯ ಮುಖವೇ ಬದಲಾಯಿತು. “ಮೊಮ್ಮಗಳನ್ನ ತರೂದೈತೇನ್ರಿ? ಬಂದ ಕೂಡ್ಲೇ ಅದನ್ನ ಹೇಳಬಾರದ? ಅರ್ಧ ತಾಸ ಸುಮ್ನ ಬೈಸ್ಕೊಂಡ್ರಿ!” ಎಂದು ಚಹಾ ತರಿಸಿದರು. ಅವರಿಗೆ ಐದು ಮೊಮ್ಮಕ್ಕಳಂತೆ. ಐವರ ಸುದ್ದಿಯನ್ನೂ ನಾನು ಕೇಳಿದೆ, ನನ್ನ ಒಬ್ಬಳ ಸುದ್ದಿ ಅಷ್ಟೇ ಹೊತ್ತು ಹೇಳಿದೆ. ಹೊರಡುವಾಗ ಎರಡು ಮಾತು ಕಿವಿಗೆ ಹಾಕಿದರು: ಗಾಡಿ ಓಡಿಸಿ ಎಣ್ಣೆ ಕಾದ ಮೇಲೇ ಇಳಿಸಬೇಕು, ಇಲ್ಲದಿದ್ದರೆ ಆ ಅಂಟು ಒಳಗೇ ಉಳಿಯುತ್ತದೆ, ಮತ್ತೆ ಎಣ್ಣೆ ತುಂಬುವ ಮೇಲಿನ ಬೋಲ್ಟು ಬಿಚ್ಚುತ್ತದೆ ಎಂದು ಖಾತ್ರಿ ಮಾಡಿಕೊಂಡೇ ಇಳಿಸುವ ಕೆಳಗಿನ ಬೋಲ್ಟಿಗೆ ಕೈ ಹಾಕಬೇಕು. ಈ ಎರಡನೆಯದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದೆ ಎಂದು ಹೇಳಿದೆ ಕೂಡ. ಒಂದಾದರೂ ಗೊತ್ತಿತ್ತು ಎಂಬುದು ಯಾರಿಗಾದರೂ ತಿಳಿಯಬೇಕಿತ್ತು.

ಬುಧವಾರ ಮಗ ಮಧ್ಯಾಹ್ನಕ್ಕೇ ಬಂದ. ಸೂಡಿಯ ದಾರಿಯಲ್ಲಿ ಗಾಡಿಯನ್ನು ಏದುಸಿರು ಬಿಡಿಸುತ್ತ ಹೋಗಿ ಬಂದೆವು. ಕಾದ ಮೇಲೂ ಆ ನೂರಾ ನಲವತ್ತು ಇಳಿದ ಪರಿ ನೋಡಬೇಕಿತ್ತು. ಧಾರೆ ಸಣ್ಣದಾಗಿ, ಹನಿಯಾಗಿ, ಹನಿ ಜೋತು ಬಿದ್ದು, ಬೀಳಲೋ ಬೇಡವೋ ಎಂದು ಯೋಚಿಸುತ್ತಿತ್ತು. ಮಗ ಕಾದ. ನಾನೂ ಕಾದೆ. ಇಬ್ಬರೂ ಗಾಡಿಯ ಕೆಳಗೆ ಅಂಗಾತ ಮಲಗಿದ್ದೆವು. ಕೊನೆಗೆ ಅವನೇ ನಕ್ಕ.

“ಯಪ್ಪಾ, ನಿನ್ನ ಎಣ್ಣಿ ನಿನ್ನಂಗ ಐತಿ. ಜಾಗಾ ಬಿಡವಲ್ದು.”

ಹೊಸದನ್ನು ತುಂಬಿದೆವು, ತೂತಿನ ಅಂಚಿಗೆ ಬಂದು ಹೊರಗೆ ಹನಿಯುವ ತನಕ. ಗೇರ್ ಪೆಟ್ಟಿಗೆಗೂ ನಡುವಿನದಕ್ಕೂ ಎಪ್ಪತ್ತೈದು, ಹಿಂದಿನದಕ್ಕೆ ಎಂಬತ್ತು. ಮಗ ಕೀಲಿ ನನ್ನ ಕೈಗೆ ಕೊಟ್ಟು, “ಗೇರ್ ಹಾಕಿ ನೋಡು,” ಎಂದ. ಒಂದು, ಎರಡು, ಮೂರು. ಹಗುರಾಗಿ ಬಿದ್ದವು. ಓಣಿ ದಾಟಿ ಬಸ್ ನಿಲ್ದಾಣದ ತನಕ ಹೋಗಿ ಬಂದೆ. ದಾರಿಯಲ್ಲಿ ನಾಲ್ವರನ್ನು ನಿಲ್ಲಿಸಿ, ನಾಳೆ ಮೊಮ್ಮಗಳು ಬರುತ್ತಾಳೆ ಎಂದು ಹೇಳಿದೆ. ಅವರಲ್ಲಿ ಮೂವರಿಗೆ ಆಗಲೇ ಎರಡೆರಡು ಸಲ ಹೇಳಿದ್ದೆನಂತೆ.

ಬುಧವಾರ ರಾತ್ರಿ ಮಳೆ ಜೋರಾಗಿಯೇ ಬಿತ್ತು. ಗುರುವಾರ ಬಿಸಿಲು ಬಂದರೂ ಬೀಗರ ಹೊಲದ ದಾರಿ ಕರಿ ಕೆಸರಾಗಿತ್ತು. ಹೊಲದ ಆ ತುದಿಯಲ್ಲಿ ಬೀಗರ ಟ್ರ್ಯಾಕ್ಟರ್ ನಿಂತಿತ್ತು, ಅದರ ಹಿಂದೆ ಹಗ್ಗ ಸುತ್ತಿ ಸಿದ್ಧ ಇಟ್ಟಿದ್ದರು. ನಮ್ಮನ್ನು ಜಗ್ಗಲು! ಮಗ ಡಾಂಬರು ಬಿಟ್ಟು ಇಳಿದ. ಮೊದಲ ಗೇರು, ನಿಧಾನ. ಮುಂದಿನ ಗಾಲಿ ಒಮ್ಮೆ ತಿರುಗಿ ಜಾರಿತು. ಹಿಂದಿನ ಎರಡು ದಬ್ಬಿದವು, ಮುಂದಿನವು ಹಿಡಿದವು, ಗಾಡಿ ಓಲಾಡುತ್ತ, ಬಾಗಿಲ ಗಾಜಿನ ತನಕ ಕೆಸರು ಸಿಡಿಸುತ್ತ ದಾರಿಯನ್ನು ನುಂಗಿಕೊಂಡು ಹೋಯಿತು. ಹೋಗಿ ಬೀಗರ ಕಟ್ಟೆಗೆ ಮುಟ್ಟಿ ನಿಂತಿತು. ನಾನು ಇಳಿದವನೇ ಕೆಳಗೆ ಬಗ್ಗಿ, ಬೋಲ್ಟುಗಳ ಹತ್ತಿರ ಎಲ್ಲಿಯಾದರೂ ಜಿನುಗಿದೆಯೇ ಎಂದು ಕೈಯಾಡಿಸಿ ನೋಡಿದೆ. ಎಲ್ಲ ಗಟ್ಟಿ ಇತ್ತು.

ಬೀಗರು ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದರು. “ಬಂದ್ರಲ್ಲಾ,” ಎಂದರು.

“ಬಂದ್ವಿ. ನಿಮ್ಮ ಹಗ್ಗಾ ಬಿಚ್ಚಿ ಒಳಗ ಇಡ್ರಿ ಬೀಗರ, ಮಳ್ಯಾಗ ನೆನದೀತು.”

ನಕ್ಕರು, ಆದರೆ ನಗೆ ಪೂರ್ತಿ ಬರಲಿಲ್ಲ. ಹೋಳಿಗೆ ಊಟವಾಯಿತು, ಸೊಸೆಗೆ ಉಡಿ ತುಂಬಿದರು. ಕೂಸನ್ನು ತಾಯಿಯ ಮಡಿಲಿಗೆ ಕೊಡುವಾಗ ಬೀಗರು ಅದರ ಕುಂಚಿಗೆಯನ್ನು ಮೂರು ಸಲ ಸರಿ ಮಾಡಿದರು. ಆಗ ನನಗೆ ಒಂಥರಾ ಆಯಿತು. “ದೀಪಾವಳಿಗೆ ಕಳಸ್ತೀವ್ರಿ,” ಎಂದೆ. “ಕಳಸ್ರಿ, ಎಣ್ಣಿ ಮಾತ್ರ ನಿಮ್ಮ ಮಗಾನ ಕೈಲೆ ಹಾಕಸ್ರಿ,” ಎಂದು ಹೇಳಿ ಒಳಗೆ ಹೋಗಿಬಿಟ್ಟರು.

ದಾರಿಯುದ್ದ ನಾನು ಮುಂದೆ ಕೂತು, ಹಿಂದಿನ ಹೌಸಿಂಗಿನಿಂದ ಏನಾದರೂ ಸಪ್ಪಳ ಬರುತ್ತದೆಯೇ ಎಂದು ಕಿವಿಗೊಟ್ಟಿದ್ದೆ. ಏನೂ ಬರಲಿಲ್ಲ. ಅಷ್ಟೆಲ್ಲ ಹೆಣಗಿ ಗಾಡಿ ತಂದಿದ್ದೇವೆ, ಮೊಮ್ಮಗಳು ಮೆಣಸಗಿ ಬಿಟ್ಟಾಗ ಮಲಗಿದವಳು ರೋಣ ಬಂದರೂ ಏಳಲಿಲ್ಲ, ಗಜೇಂದ್ರಗಡದ ಗುಡ್ಡದ ಫ್ಯಾನುಗಳು ಕಂಡರೂ ಏಳಲಿಲ್ಲ.

ಬಾಗಿಲಲ್ಲಿ ಆರತಿ ಎತ್ತಿ, ಹೆಂಡತಿ ಕೂಸನ್ನು ಒಳಗೆ ತಂದಳು. ನಾನು ಎರಡೂ ಕೈ ಚಾಚಿದೆ. ಅವಳು ಹಿಂದೆ ಸರಿದಳು.

“ಕೈ ಮೂಸಿ ನೋಡ್ಕೊರ್ರಿ ಒಮ್ಮೆ!”

ಮೂಸಿದೆ. ಗೇರ್ ಎಣ್ಣೆಯ ವಾಸನೆ ಗೊತ್ತಲ್ಲ, ಗಂಧಕ ಸುಟ್ಟ ಹಾಗೆ. ಸಾಬೂನು ಹಚ್ಚಿ ತೊಳೆದೆ. ಹೋಗಲಿಲ್ಲ. ಕಡಲೆ ಹಿಟ್ಟು ತಿಕ್ಕಿ ತೊಳೆದೆ. ಲಿಂಬೆ ಹೋಳು ಉಜ್ಜಿದೆ. ಹಿತ್ತಲಲ್ಲಿ ನಾನು ಕೈ ತಿಕ್ಕುತ್ತ ನಿಂತಿರುವಾಗ, ಒಳಗೆ ಓಣಿಯ ಹೆಂಗಸರೆಲ್ಲ ಸಾಲಾಗಿ ಬಂದು ಎತ್ತಿಕೊಂಡು, ಮೂಗು ಯಾರದು, ಹಣೆ ಯಾರದು ಎಂದು ತೀರ್ಪು ಕೊಡುತ್ತಿದ್ದರು. ಮೂಗು ಬೀಗರದು ಎಂದು ಯಾರೋ ಅಂದರು. ಹಿತ್ತಲಿನಿಂದಲೇ ಕೂಗಿದೆ, ಅಲ್ಲ ಎಂದು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಜನ ಕರಗಿದರು. ಹೆಂಡತಿ ನನ್ನ ಕೈಯನ್ನು ಒಮ್ಮೆ ಮೂಸಿ, ಮುಖ ಸಿಂಡರಿಸಿ, ಒಗೆದ ಪಂಚೆಯನ್ನು ನನ್ನ ತೊಡೆಯ ಮೇಲೂ ಕೈಯ ಮೇಲೂ ಹಾಸಿ, ಅದರ ಮೇಲೆ ಕೂಸನ್ನು ಮಲಗಿಸಿದಳು. ಹಾಲು ಕುಡಿದು ತೃಪ್ತವಾಗಿತ್ತು. ಎರಡು ಸಲ ಕಣ್ಣು ಬಿಟ್ಟು ಜಂತಿ ನೋಡಿತು, ಮತ್ತೆ ಮಲಗಿತು. ಊಟಕ್ಕೆ ಕರೆದರು. ಬಂದೆ ಎಂದೆ, ಏಳಲಿಲ್ಲ. ಮತ್ತೆ ಕರೆದರು. ಕಾಲು ಜೋಮು ಹಿಡಿದಿತ್ತು. ಮತ್ತೆ ಬಂದೆ ಎಂದೆ.